ನಾನು ಬಿಚ್ಚಿ ನೋಡದ ಡಬ್ಬಿ

ಕಳೆದ ತಿಂಗಳು ನಮ್ಮೂರಿನ ವಾಚನಾಲಯದಲ್ಲಿ ನನ್ನದೊಂದು ಭಾಷಣ ಆಯಿತು. ವಿದೇಶಕ್ಕೆ ಹೋಗುವಾಗ ಮೋಸ ಹೋಗದೆ, ಅಪಾಯಕ್ಕೆ ಸಿಕ್ಕಿಹಾಕಿಕೊಳ್ಳದೆ ಬರುವುದು ಹೇಗೆ ಎಂಬುದು ವಿಷಯ. ಕೇಳಲು ಬಂದವರಲ್ಲಿ ಹೆಚ್ಚಿನವರು ಗಲ್ಫಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ನಾನು ವಿಮಾನ ಹತ್ತಿದ್ದು ಎರಡೇ ಸಲ. ಆದರೂ ಮೈಕು ನನ್ನ ಕೈಗೆ ಬಂತು. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವ, ಎರಡು ವಿಶ್ವವಿದ್ಯಾನಿಲಯಗಳಲ್ಲಿ ಓದಿದವ, ಯಾರನ್ನೂ ನಂಬದವ ಎಂಬುದು ಊರಿಗೆಲ್ಲ ಗೊತ್ತು. ನಂಬದಿರುವುದೂ ನಮ್ಮಲ್ಲಿ ಒಂದು ಡಿಗ್ರಿ.

ಕೊನೆಯಲ್ಲಿ, ಅಕ್ಕನನ್ನು ಶಾರ್ಜಾಕ್ಕೆ ಕರೆದುಕೊಂಡು ಹೋದ ಕತೆ ಹೇಳಿದೆ. ಆ ಕತೆಯಲ್ಲಿ ಅಪಾಯವನ್ನು ಮೊದಲೇ ಕಂಡುಹಿಡಿದು ಅಕ್ಕನನ್ನು ಜೈಲಿನ ಬಾಗಿಲಿನಿಂದ ಎಳೆದು ತಂದವನು ನಾನು. ಒಳ್ಳೆಯ ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅಕ್ಕ ಮಾತ್ರ ಕೈ ತಟ್ಟಲಿಲ್ಲ. ಹೊರಗೆ ಬಂದು ಚಪ್ಪಲಿ ಹುಡುಕುತ್ತಾ ಕೇಳಿದಳು:

"ಚಂದ ಆಯಿತು ಮಾರಾಯ. ಆದರೆ ಅದು ಯಾರ ಕತೆ?"

ಅಂದಿನಿಂದ ಮಾತ್ರೆ ನುಂಗಿದರೂ ನಿದ್ದೆ ಸರಿ ಇಲ್ಲ. ನಾನು ಸುಳ್ಳು ಹೇಳಿದೆನೆಂದು ನನಗೆ ಅನಿಸುವುದಿಲ್ಲ. ನನ್ನ ನೆನಪಿನಲ್ಲಿ ಅದು ಹಾಗೆಯೇ ಇದೆ. ಆದರೆ ನೆನಪು ಹೇಳಿದ್ದನ್ನು ಹಾಗೆಯೇ ನಂಬಬಾರದು ಎಂದು ವರ್ಷವರ್ಷವೂ ಮಕ್ಕಳಿಗೆ ಪಾಠ ಮಾಡುವವನೂ ನಾನೇ. ಹಾಗಾಗಿ ಈ ಸಲ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಬರೆಯುತ್ತಿದ್ದೇನೆ. ನಮ್ಮಿಬ್ಬರ ಹೇಳಿಕೆ ಬೇರೆಯಾದಲ್ಲಿ ಎರಡನ್ನೂ ಕೊಡುತ್ತೇನೆ.

ಅಕ್ಕನಿಗೆ ಒಬ್ಬಳೇ ಮಗಳು. ಗಂಡನ ಜೊತೆ ಶಾರ್ಜಾದಲ್ಲಿದ್ದಾಳೆ. ಚೊಚ್ಚಲ ಬಸಿರು. ಊರಿಗೆ ಬಂದು ಹೆರುವ ಹಾಗಿರಲಿಲ್ಲ, ಡಾಕ್ಟರು ವಿಮಾನ ಬೇಡವೆಂದಿದ್ದರು. ಹಾಗಾಗಿ ಅಕ್ಕನೇ ಹೋಗಿ ಬಾಣಂತನ ಮಾಡುವುದೆಂದಾಯಿತು. ಇದು ಅವಳಿಗೆ ಬರೀ ಪ್ರಯಾಣವಲ್ಲ. ಅವಳು ಹೆತ್ತಾಗ ನಮ್ಮ ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದರು. ಎಣ್ಣೆ ಹಚ್ಚಿ ಬಿಸಿನೀರು ಹಾಕುವವರಿರಲಿಲ್ಲ, ಹೊತ್ತಿಗೆ ಸರಿಯಾಗಿ ಮದ್ದು ಕೊಡುವವರಿರಲಿಲ್ಲ. ಇಂದಿಗೂ ಸೊಂಟ ಹಿಡಿದರೆ ಅವಳು ಆ ನಲವತ್ತು ದಿನಗಳನ್ನು ಬಯ್ಯುತ್ತಾಳೆ. ಮಗಳಿಗೆ ಹಾಗಾಗಬಾರದು. ಅವಳಿಗೆ ಬೇಕಾದದ್ದು ಅಷ್ಟೇ. ಅಕ್ಕ ಸಿಕ್ಕಿಬೀಳದೆ, ತಡವಾಗದೆ, ಮಗಳ ಹಾಸಿಗೆಯ ಪಕ್ಕಕ್ಕೆ ಮುಟ್ಟಬೇಕು.

ಮುಟ್ಟಿಸುವ ಕೆಲಸ ನನಗೆ ಬಂತು. ಕಾಲೇಜಿಗೆ ರಜೆ ಇತ್ತು.

ಹೊರಡುವ ಮೊದಲಿನ ಎರಡು ವಾರ ಕಾಸರಗೋಡಿನ ಬೆಳ್ಳೂರಿನಲ್ಲಿರುವ ಅವಳ ಮನೆಯ ಜಗಲಿಯಲ್ಲಿ ನಾನು ಅಕ್ಕನಿಗೆ ತರಬೇತಿ ಕೊಟ್ಟೆ. ನಾನು ಮೋಸಗಾರ, ಅವಳು ಪ್ರಯಾಣಿಕೆ. ಮೊದಲು ಟ್ಯಾಕ್ಸಿಯವನಾದೆ.

"ಅಮ್ಮಾ, ಬನ್ನಿ ಬನ್ನಿ, ಕಡಿಮೆಗೆ ಬಿಡ್ತೇನೆ."

"ಮೀಟರ್ ಉಂಟಾ? ಇಲ್ಲದಿದ್ದರೆ ಆಚೆ ಹೋಗು."

ಆಮೇಲೆ ಫೋನಿನ ಪೊಲೀಸನಾದೆ. "ನಿಮ್ಮ ಪಾಸ್‌ಪೋರ್ಟಿನಲ್ಲಿ ತೊಂದರೆ ಉಂಟು. ಈಗ ಬಂದ ಒಟಿಪಿ ಹೇಳಿ."

"ಪೊಲೀಸ್ ಆದರೆ ಯೂನಿಫಾರ್ಮ್ ಹಾಕಿ ಮನೆಗೆ ಬನ್ನಿ. ಚಾ ಕುಡಿದು ಮಾತಾಡುವ."

ನೂರಕ್ಕೆ ನೂರು. ನನಗೇ ಹೊಟ್ಟೆಕಿಚ್ಚಾಯಿತು. ಆಗ ಕೊನೆಯ ಬಾಣ ಬಿಟ್ಟೆ. ಕಂಬದ ಹಿಂದಿನಿಂದ ಬಂದು, ಹಲ್ಲು ಕಿಸಿದು, ತುಳುವಿನಲ್ಲಿ "ಈರೆನ ಊರು ಓಲು?" ಎಂದೆ. ನಿಮ್ಮ ಊರು ಯಾವುದೆಂದು ಕೇಳಿದ್ದು, ಅಷ್ಟೇ. ಅಕ್ಕ ಒಂದೇ ಉಸಿರಿನಲ್ಲಿ ಊರು, ಮನೆತನ, ಅಡೂರಿನಲ್ಲಿರುವ ತಾಯಿಯ ತವರು, ಮಗಳ ಬಿಲ್ಡಿಂಗಿನ ಹೆಸರು, ಎಷ್ಟನೇ ಮಾಳಿಗೆ ಎಂಬುದನ್ನೆಲ್ಲ ಹೇಳಿ, "ನಿಮ್ಮದು ಎಲ್ಲಿ ಆಯಿತು? ಊಟ ಆಯಿತಾ?" ಎಂದು ಮುಗಿಸಿದಳು.

"ಅಕ್ಕಾ! ನಾನು ಮೋಸಗಾರ!"

"ತುಳು ಮಾತಾಡಿದಿಯಲ್ಲ ಮತ್ತೆ?"

"ಮೋಸಗಾರರಿಗೆ ತುಳು ಬರಬಾರದು ಎಂದು ಕಾನೂನು ಉಂಟಾ?"

"ನಮ್ಮ ಊರಿನವ ಕೇಳಿದ ಮೇಲೆ ಹೇಳದೆ ಇರುವುದಾ? ಎಂತ ಗ್ರಹಿಸಿಯಾನು ಅವ?"

ಕಾಸರಗೋಡಿನವರ ಕೋಟೆಗೆ ಇರುವ ಹಿಂಬಾಗಿಲು ಇದೇ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗುರುತಿಲ್ಲದವನಿಗೆ ನಾವು ಕುಡಿಯಲು ನೀರನ್ನೂ ಯೋಚಿಸಿ ಕೊಡುತ್ತೇವೆ. ಅವನು ನಮ್ಮಲ್ಲಿ ನಡೆಯುವ ಐದು ಭಾಷೆಗಳಲ್ಲಿ ಯಾವುದಾದರೊಂದರಲ್ಲಿ 'ಊರು ಎಲ್ಲಿ' ಎಂದು ಕೇಳಿಬಿಟ್ಟರೆ ಬೀಗದ ಕೈಯನ್ನೇ ಕೊಡುತ್ತೇವೆ. ಬರೆದುಕೊಂಡದ್ದು ಸರಿಯೇ. ಆ ಹಿಂಬಾಗಿಲು ನನಗೂ ಇದೆ ಎಂದು ಮಾತ್ರ ಬರೆದುಕೊಳ್ಳಲಿಲ್ಲ.

ವೀಸಾ ಬಂದ ಸುದ್ದಿ ಹರಡಿತು. ನಮ್ಮಲ್ಲಿ ಯಾರಾದರೂ ಗಲ್ಫಿಗೆ ಹೊರಟರೆ ಅವರ ಬ್ಯಾಗು ಅವರದಲ್ಲ, ಊರಿನದು. ಮಗನಿಗೆ ಹಪ್ಪಳ, ಅಳಿಯನಿಗೆ ಉಪ್ಪಿನಕಾಯಿ, ನಾದಿನಿಗೆ ತೆಂಗಿನೆಣ್ಣೆ. ಬೇಡವೆಂದರೆ ದೊಡ್ಡಸ್ತಿಕೆ ಬಂತು ಎನ್ನುತ್ತಾರೆ. ನಾನು ಹಟ ಹಿಡಿದು ಎಲ್ಲರನ್ನೂ ವಾಪಸು ಕಳಿಸಿದೆ. ಒಬ್ಬರನ್ನು ಆಗಲಿಲ್ಲ. ನನಗೂ ಅಕ್ಕನಿಗೂ ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿಸಿದ ಮಾಷ್ಟ್ರು. ಎಂಬತ್ತು ದಾಟಿದ ಮೇಲೂ ಕೊಡೆಯನ್ನೇ ಬೆತ್ತದ ಹಾಗೆ ಹಿಡಿಯುವವರು. ಅವರ ಮಗನೂ ಶಾರ್ಜಾದಲ್ಲಿದ್ದಾನೆ. ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸುತ್ತಿ, ನಾಲ್ಕೂ ಬದಿ ತಾವೇ ಕೈಹೊಲಿಗೆ ಹಾಕಿದ ಒಂದು ಕಟ್ಟನ್ನು ಜಗಲಿಯ ಮೇಲಿಟ್ಟು, "ಭಾರ ಇಲ್ಲ" ಎಂದರು. ಒಳಗೆ ಏನಿದೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಅವರು ಗೇಟು ದಾಟಿದ ಕೂಡಲೇ ನಾನು ಕತ್ತರಿ ತಂದೆ.

ಅಕ್ಕ ಕಟ್ಟನ್ನು ಮಡಿಲಲ್ಲಿಟ್ಟುಕೊಂಡಳು. ಅವಳು ಹಳ್ಳಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಬೇರೆಯವರ ಹೆಸರು ಬರೆದ ಕಟ್ಟು ಎಂದರೆ ಅವಳಿಗೆ ದೇವರ ಪೆಟ್ಟಿಗೆ.

"ಇಷ್ಟು ವರ್ಷದಲ್ಲಿ ಒಂದು ಪಾರ್ಸೆಲ್ ಬಿಚ್ಚಿದವಳಲ್ಲ ನಾನು. ಈಗ ಮಾಷ್ಟ್ರದ್ದು ಬಿಚ್ಚುವುದಾ?"

"ವಿಮಾನದಲ್ಲಿ ನಿನ್ನ ಬ್ಯಾಗಲ್ಲಿ ಇದ್ದದ್ದೆಲ್ಲ ನಿನ್ನದು. ಮಾಷ್ಟ್ರು ಕೊಟ್ಟದ್ದು ಎಂದರೆ ಅಲ್ಲಿಯವರು ಕೇಳುವುದಿಲ್ಲ."

"ಅವರು ಅದರಲ್ಲಿ ಗಾಂಜಾ ಇಡ್ತಾರಾ?"

"ಅವರು ಇಡುವುದು ಬೇಡ. ಮತ್ತೆ ಯಾರೋ ಅವರ ಕೈಯಲ್ಲಿ ಕೊಟ್ಟದ್ದಿರಬಹುದು."

"ನಿನಗೆ ಅ ಆ ಕಲಿಸಿದ್ದೇ ತಪ್ಪಾಯಿತು ಅವರದ್ದು," ಎಂದು ಕಟ್ಟನ್ನು ನನ್ನ ಕಡೆ ತಳ್ಳಿ ಒಳಗೆ ಹೋದಳು. ತಪ್ಪಿಗೆ ಸಾಕ್ಷಿಯಾಗಲು ಅವಳಿಗೆ ಇಷ್ಟವಿರಲಿಲ್ಲ.

ಹೊಲಿಗೆ ಬಿಚ್ಚಿದೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹೊಸ ಪಂಚಾಂಗ, ಮಡಚಿದ ಒಂದು ಕಾಗದ. ಬೇರೇನೂ ಇಲ್ಲ. ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿದೆ, ಉಪ್ಪಿನಕಾಯಿಯೊಳಗೆ ಚಮಚ ಆಡಿಸಿದೆ. ಕಾಗದವನ್ನು ನಾನು ಓದಲಿಲ್ಲ. ಓದಿದೆನೆಂದೂ, ಓದಿ ಒಂದು ಕಡೆ ನಕ್ಕೆನೆಂದೂ ಅಕ್ಕ ಹೇಳುತ್ತಾಳೆ. ಅದರಲ್ಲಿ ಏನಿತ್ತು ಎಂದು ಕೇಳಿದರೆ ನನಗೆ ನೆನಪಿಲ್ಲ. ಹಾಗಾಗಿ ಓದಿರಲಾರೆ. ಈ ವಾದ ಸರಿಯಲ್ಲವೆಂದು ಗೊತ್ತಿದೆ.

ಮತ್ತೆ ಹೊಲಿದದ್ದೂ ನಾನೇ. ಮಾಷ್ಟ್ರ ಹೊಲಿಗೆ ಕಾಪಿ ಪುಸ್ತಕದ ಗೆರೆಯ ಹಾಗಿತ್ತು. ನನ್ನದು ಮಾರ್ಕು ಕಡಿಮೆ ಬಿದ್ದವನ ಅಕ್ಷರದ ಹಾಗೆ ಬಂತು.

ಬೇರೆಯವರ ಕಟ್ಟನ್ನು ಹೀಗೆ ಜಾಲಾಡಿದ ನಾನು ನಮ್ಮ ಮನೆಯದ್ದನ್ನು ಜಾಲಾಡಲಿಲ್ಲ. ಬಾಣಂತಿಯ ಸಾಮಾನಿಗೆ ಅಕ್ಕ ಬರೆದ ಪಟ್ಟಿ ಹಿಡಿದು ಮುಳ್ಳೇರಿಯದ ಅಂಗಡಿಯಿಂದ ಎಲ್ಲವನ್ನೂ ತಂದವನು ನಾನೇ. ಓಮ, ಜೀರಿಗೆ, ಹಿಪ್ಪಲಿ, ಒಣಶುಂಠಿ, ಬೆಲ್ಲ, ಕಾಲು ಕಿಲೋ ಗಸಗಸೆ. ಮೂರು ದಿನ ಅವಳು ದೊಡ್ಡ ಬಾಣಲೆಯಲ್ಲಿ ಲೇಹ್ಯ ಮಗುಚಿದಳು. ತುಪ್ಪ ಬಿಡುವವರೆಗೆ ಮಗುಚಿ, ಆರಿಸಿ, ಸ್ಟೀಲಿನ ಡಬ್ಬಿಗೆ ತುಂಬಿಸಿ, ಮುಚ್ಚಳದ ಸುತ್ತ ಟೇಪು ಸುತ್ತಿದಳು. ಆ ಪರಿಮಳಕ್ಕೆ ನಾನು ಬಾಯಿ ಚಪ್ಪರಿಸಿದ್ದು ನೆನಪಿದೆ. ಸಂಶಯ ಪಟ್ಟದ್ದು ನೆನಪಿಲ್ಲ.

ಹೊರಟದ್ದು ಊಟ ಮುಗಿಸಿ. ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಕಾರು ಓಡಿಸಿದವರು ಅಲ್ಲೇ ಗಲ್ಫಿನಲ್ಲಿ ಬಹಳ ಕಾಲ ಲಾರಿ ಓಡಿಸಿ ಬಂದ ಒಬ್ಬ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು. ಕುಂಬಳೆ ದಾಟಿ, ಹೆದ್ದಾರಿ ಕೆಲಸದ ಧೂಳಿನಲ್ಲಿ ಸಾಗುವಾಗ ಅವರು ಕನ್ನಡಿಯಲ್ಲಿ ಅಕ್ಕನನ್ನು ನೋಡಿ ಮಾತು ತೆಗೆದರು.

"ಬಾಣಂತಿಗೆ ಮದ್ದು ಸಾಮಾನೆಲ್ಲ ತಕ್ಕೊಂಡಿದ್ದೀರಾ ಅಕ್ಕಾ?"

"ಎಲ್ಲ ಉಂಟು. ಓಮ, ಹಿಪ್ಪಲಿ, ಗಸಗಸೆ…"

ಕಾರು ಬದಿಗೆ ಬಂದು ನಿಂತಿತು.

"ಗಸಗಸೆ ತೆಗೆಯಿರಿ ಅಕ್ಕಾ. ಅದು ಅಲ್ಲಿ ಡ್ರಗ್ಸಿನ ಲೆಕ್ಕ. ಕಂಡರೆ ಒಳಗೆ ಹಾಕ್ತಾರೆ."

ಇಲ್ಲಿ ಎರಡು ನೆನಪುಗಳಿವೆ. ವಾಚನಾಲಯದಲ್ಲಿ ಹೇಳಿದ್ದು ನನ್ನದು. ಅದರ ಪ್ರಕಾರ ಚಾಲಕರು 'ಸಾಮಾನೆಲ್ಲ' ಎಂದದ್ದೇ ತಡ, ನನಗೆ ತಟ್ಟನೆ ಹೊಳೆಯಿತು. ಗಸಗಸೆ ಅಫೀಮಿನ ಗಿಡದ ಬೀಜ, ಆ ದೇಶದಲ್ಲಿ ನಿಷಿದ್ಧ ಎಂದು ನಾನೇ ಕಾರು ನಿಲ್ಲಿಸಿದೆ. ಅಕ್ಕನ ಪ್ರಕಾರ ನಾನು ಹೇಳಿದ ಮೊದಲ ಮಾತು ಇದು:

"ಅದು ಪಾಯಸಕ್ಕೆ ಹಾಕುವುದು ಮಾರಾಯರೆ! ಪಾಯಸಕ್ಕೆ ಯಾರಾದರೂ ಜೈಲಿಗೆ ಹಾಕ್ತಾರಾ?"

ಮುಂದಿನ ಸಂಭಾಷಣೆಯನ್ನು ಅಕ್ಕ ಅಕ್ಷರ ಅಕ್ಷರವಾಗಿ ಹೇಳಬಲ್ಲಳು.

"ನನ್ನ ರೂಮಿನವನ ಭಾವ ಒಬ್ಬ ಸಿಕ್ಕಿಬಿದ್ದದ್ದುಂಟು ಸಾರ್."

"ನೀವು ಕಣ್ಣಾರೆ ಕಂಡದ್ದಾ, ಯಾರೋ ಹೇಳಿದ್ದಾ?"

"ಹೇಳಿದ್ದು."

"ಹಾಗಾದರೆ ಅದು ಪ್ರಮಾಣ ಆಗುವುದಿಲ್ಲ."

"ಕಣ್ಣಾರೆ ಕಾಣಬೇಕಾ ಸಾರ್? ತಕ್ಕೊಂಡು ಹೋಗಿ. ಪ್ರತ್ಯಕ್ಷ ಆಗ್ತದೆ."

ನನಗೆ ಆಗ ಬಂದ ಸಂಶಯವನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಅದು ನನ್ನ ಸ್ವಂತ ನೆನಪು, ಅಕ್ಕನಿಗೆ ಗೊತ್ತಿರಲಿಲ್ಲ. ಗಸಗಸೆಗೆ ಈಗ ಒಳ್ಳೆಯ ಕ್ರಯ ಉಂಟು. ವಿಮಾನಕ್ಕೆ ಹೊರಟವರನ್ನು ಹೆದರಿಸಿ ಗಸಗಸೆ ಇಳಿಸಿಕೊಳ್ಳುವುದು ಇವರ ದಂಧೆಯೇ ಏಕಾಗಿರಬಾರದು? ಪುಣ್ಯಕ್ಕೆ ಫೋನಿನಲ್ಲಿ ಹುಡುಕಿ ನೋಡುವ ಬುದ್ಧಿ ಬಂತು. ನಿಷಿದ್ಧ ಸಾಮಾನುಗಳ ಪಟ್ಟಿಯಲ್ಲಿ ಗಸಗಸೆ ನೆಟ್ಟಗೆ ಕುಳಿತಿತ್ತು. ಪುಟವನ್ನು ಮೂರು ಸಲ ಓದಿದೆ. ಎರಡು ವಾರ ಅಕ್ಕನ ಎದುರು ಮೋಸಗಾರನ ವೇಷ ಹಾಕಿ ಕುಣಿದ ನಾನೇ ಅವಳ ಕೈಗೆ ಜೈಲಿನ ಚೀಟಿ ಕೊಟ್ಟು ಕಳಿಸಲು ಹೊರಟಿದ್ದೆ. ಅದನ್ನು ನಮ್ಮ ಬ್ಯಾಗಿನಲ್ಲಿಟ್ಟವನು ಗುರುತಿಲ್ಲದವನಲ್ಲ. ಸಾಮಾನಿನ ಪಟ್ಟಿ ಹಿಡಿದ ತಮ್ಮ.

ಡಿಕ್ಕಿ ತೆಗೆದು, ಬ್ಯಾಗಿನ ತಳದಿಂದ ಅಕ್ಕ ಪ್ಯಾಕೆಟ್ಟನ್ನು ಎಳೆದಳು. ಬಾಯಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿತ್ತು. ಚಾಲಕರು ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟು, "ನನ್ನ ಹೆಂಡತಿ ಪಾಯಸ ಮಾಡ್ತಾಳೆ, ಬರುವಾಗ ಕುಡಿದು ಹೋಗಿ ಸಾರ್," ಎಂದರು. ನನ್ನ ಅಳಿದುಳಿದ ಸಂಶಯ ಒಂದು ಕ್ಷಣ ಮತ್ತೆ ಬಾಲ ಆಡಿಸಿತು. ಅದಕ್ಕೂ ನನಗೂ ಮರ್ಯಾದೆ ಇಲ್ಲ.

ಗಲ್ಫಿನಲ್ಲಿ ವಿಮಾನ ಇಳಿದಾಗ ಬ್ಯಾಗು ತೆಗೆಸಿದರು. ಅಧಿಕಾರಿ ಎಳೆಯ ವಯಸ್ಸಿನವರು, ಮರ್ಯಾದಸ್ಥರು. ಮಾಷ್ಟ್ರ ಕಟ್ಟನ್ನು ಒತ್ತಿ ನೋಡಿ ಬದಿಗಿಟ್ಟರು. ಸ್ಟೀಲ್ ಡಬ್ಬಿಯ ಟೇಪು ಕಿತ್ತು, ಮುಚ್ಚಳ ತೆಗೆದು, ಮೂಸಿ, ಹುಬ್ಬೇರಿಸಿದರು. ನಾನು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ತಯಾರು ಮಾಡುವುದರೊಳಗೆ ಅಕ್ಕ ತನಗೆ ಬರುವ ಎಲ್ಲ ಇಂಗ್ಲಿಷನ್ನೂ ಖರ್ಚು ಮಾಡಿದಳು:

"ಬೇಬಿ. ಮಮ್ಮಿ. ಪವರ್."

ಅವರು ನಕ್ಕು ಮುಚ್ಚಳ ಹಾಕಿದರು.

ಮಾಷ್ಟ್ರ ಮಗ ಮರುದಿನವೇ ಕಟ್ಟು ತೆಗೆದುಕೊಳ್ಳಲು ಬಂದ. ಕೈಯಲ್ಲಿ ತಿರುಗಿಸಿ ನೋಡಿದ.

"ಇದು ಅಪ್ಪನ ಹೊಲಿಗೆ ಅಲ್ಲವಲ್ಲ."

ನಾನು ಗೋಡೆ ನೋಡಿದೆ. ಅಕ್ಕ ನನ್ನನ್ನು ನೋಡಿದಳು.

"ಬಿಚ್ಚಿ ನೋಡಿದ್ದಾ? ಒಳ್ಳೆದಾಯಿತು," ಎಂದ ಅವನು. "ಬಿಚ್ಚದೆ ತಂದಿದ್ದರೆ ನಾನೇ ಬಯ್ತಿದ್ದೆ. ಅಪ್ಪನಿಗೆ ಹೇಳಿ ಹೇಳಿ ಸಾಕಾಯಿತು, ಹೊಲಿದು ಕಳಿಸಬೇಡಿ ಎಂದು."

ನನಗೆ ರೆಕ್ಕೆ ಬಂತು. ಆ ವಾರವೇ ಹೆರಿಗೆಯಾಯಿತು, ಹೆಣ್ಣು ಮಗು. ಅಕ್ಕನ ರಾಜ್ಯಭಾರ ಆರಂಭವಾಯಿತು. ಎಣ್ಣೆ, ಬಿಸಿನೀರು, ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ ಲೇಹ್ಯ. ಸೊಸೆಗೆ, ಅಂದರೆ ಅಕ್ಕನ ಮಗಳಿಗೆ, ಅದು ಕಹಿ, ಖಾರ, ಅಂಟು. ಮೂಗು ಹಿಡಿದು ನುಂಗುತ್ತಿದ್ದಳು. ನನಗೋ ಅದು ಬಾಲ್ಯದ ರುಚಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಒಂದು ಚಮಚ ಕದ್ದು ಬಾಯಿಗೆ ಹಾಕಿದೆ. ಹಲ್ಲಿನ ನಡುವೆ ಸಣ್ಣ ಸಣ್ಣ ಕಾಳು ಕರಕರ ಎಂದಿತು.

ಗಸಗಸೆ ಪ್ಯಾಕೆಟ್ಟಿನ ಬಾಯಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ನೆನಪಾದದ್ದು ಆಗ.

"ಅಕ್ಕಾ, ಇದಕ್ಕೆ ಗಸಗಸೆ ಹಾಕಿದ್ದೀಯಾ?"

"ಗಸಗಸೆ ಹಾಕದೆ ಎಂತ ಲೇಹ್ಯ? ಅರ್ಧ ಪ್ಯಾಕೆಟ್ ಇದಕ್ಕೇ ಹೋಯಿತಲ್ಲ."

"ಕಾರಿನಲ್ಲಿ ಯಾಕೆ ಹೇಳಲಿಲ್ಲ?"

"ಅವರು ಗಸಗಸೆ ತೆಗೆಯಿರಿ ಎಂದರು. ತೆಗೆದು ಕೊಟ್ಟೆ. ಇದು ಲೇಹ್ಯ."

ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದೆ. ಆ ಡಬ್ಬಿಯನ್ನು ವಿಮಾನ ನಿಲ್ದಾಣದ ಅಧಿಕಾರಿ ತೆರೆದಿದ್ದರು, ಮೂಸಿದ್ದರು. ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಕರ್ತೃ ಕರ್ಮ ಹೊಂದಿಸುತ್ತಿದ್ದೆ. ಮುಚ್ಚಳ ಹಾಕಿದ ಕೈ ಸ್ವಲ್ಪ ತಡೆದಿದ್ದರೆ ಅಕ್ಕ ಎಲ್ಲಿರುತ್ತಿದ್ದಳು, ಈ ಬಾಣಂತನ ಯಾರ ಕೈಯಲ್ಲಿ ಆಗುತ್ತಿತ್ತು? ಮಾಷ್ಟ್ರ ಉಪ್ಪಿನಕಾಯಿಯೊಳಗೆ ಚಮಚ ಆಡಿಸಿದವನು ಮನೆಯ ಡಬ್ಬಿಯ ಮುಂದೆ ಬಾಯಿ ಚಪ್ಪರಿಸಿದ್ದೆ. ಅಕ್ಕ ಮಾಡಿದ್ದಲ್ಲವೇ? ಆ ಡಬ್ಬಿ ಕೂಡ 'ಊರು ಎಲ್ಲಿ' ಎಂದು ನಮ್ಮ ಭಾಷೆಯಲ್ಲಿ ಕೇಳಿತ್ತು. ನಾನು ಬೀಗದ ಕೈ ಕೊಟ್ಟಿದ್ದೆ.

ಡಬ್ಬಿ ಎತ್ತಿಕೊಂಡು ಕಕ್ಕಸಿಗೆ ನಡೆದೆ. ಅಕ್ಕ ಅಡ್ಡ ನಿಂತಳು.

"ಮೂರು ದಿನ ಮಗುಚಿದ್ದು ಅದು!"

"ಮೂರು ವರ್ಷ ಒಳಗೆ ಕೂರಬೇಕಾದೀತು!"

ಹಾಸಿಗೆಯಿಂದ ಬಾಣಂತಿಯ ಸ್ವರ ಬಂತು. ಹೆತ್ತ ಮೇಲೆ ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಅದೇ ಮೊದಲು. "ಮಾವಾ, ಪೂರ್ತಿ ಹಾಕಿ. ತಳದಲ್ಲಿ ಎಂತ ಉಳಿಸಬೇಡಿ!"

ನಾಲ್ಕು ಸಲ ನೀರು ಬಿಡಬೇಕಾಯಿತು. ಲೇಹ್ಯ ಅಷ್ಟು ಬೇಗ ಸೋಲುವ ವಸ್ತುವಲ್ಲ. ಅಕ್ಕ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ನಡುವೆ ಕುಳಿತು ನನ್ನ ಕಡೆ ಬೆನ್ನು ಹಾಕಿದಳು. ಅವಳು ಅಳುವವಳಲ್ಲ. ತಿರುಗದೆಯೇ ಹೇಳಿದಳು:

"ನನಗೆ ಯಾರೂ ಕೊಟ್ಟದ್ದಿಲ್ಲ ಮಾರಾಯ. ಇವಳಿಗಾದರೂ ಕೊಡುವ ಎಂದು."

ನಾನೂ ಅಕ್ಕನ ಅಳಿಯನೂ ಅಂಗಡಿಗೆ ಹೋಗಿ ಒಣಶುಂಠಿ, ಬೆಲ್ಲ, ತುಪ್ಪ, ಓಮ ತಂದೆವು. ಬಿಲ್ಲನ್ನೂ ಪ್ರತಿ ಪ್ಯಾಕೆಟ್ಟಿನ ಹೆಸರನ್ನೂ ಅಕ್ಕನಿಗೆ ಓದಿ ಹೇಳಿದೆ. ಮರುದಿನ ಹೊಸ ಲೇಹ್ಯ ಆಯಿತು, ಗಸಗಸೆ ಇಲ್ಲದ್ದು. ಬಾಣಂತಿ ಪರಿಮಳ ಹಿಡಿದೇ "ಇನ್ನೊಂದಾ!" ಎಂದು ಮುಸುಕು ಎಳೆದುಕೊಂಡಳು. ಚಮಚ ಮುಸುಕಿನೊಳಗೆ ಹೋಯಿತು.

ಇದನ್ನು ಬರೆಯುವಾಗ ಅಕ್ಕ ಹೊಸತೊಂದು ಹೇಳುತ್ತಿದ್ದಾಳೆ. ಡಬ್ಬಿಯ ಲೇಹ್ಯಕ್ಕೆ ಗಸಗಸೆ ಹಾಕಿರಲೇ ಇಲ್ಲವಂತೆ. ಅರ್ಧ ಪ್ಯಾಕೆಟ್ಟನ್ನು ಪಕ್ಕದ ಮನೆಗೆ ಕೊಟ್ಟದ್ದಂತೆ. ಹಲ್ಲಿಗೆ ಸಿಕ್ಕಿದ್ದು ಓಮವಂತೆ. ನನ್ನ ಪ್ರಶ್ನೆ ಕೇಳಿ ಸಿಟ್ಟು ಬಂದು ಹಾಗೆ ಹೇಳಿದ್ದಂತೆ. ಪಕ್ಕದ ಮನೆಯವರನ್ನು ಕೇಳಿದೆ. ಅವರಿಗೆ ನೆನಪಿಲ್ಲ. ಹಾಗಾಗಿ ನಾವು ಒಂದು ದೇಶದ ಕಾನೂನನ್ನು ಮೂಗಿನಡಿಯಲ್ಲೇ ಮುರಿದೆವೋ, ಅಲ್ಲ ತುಪ್ಪ ಸುರಿದು ಮಾಡಿದ ನಿರಪರಾಧಿ ಮದ್ದನ್ನು ಕಕ್ಕಸಿಗೆ ಸುರಿದೆವೋ ಎಂದು ಇನ್ನು ಯಾರೂ ಹೇಳಲಾರರು. ಸುರಿದದ್ದು ಸರಿ ಎಂಬುದರಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಅಕ್ಕನಿಗೆ ಇದೆ.

ಮೂರು ತಿಂಗಳ ಮೇಲೆ ಅಕ್ಕನನ್ನು ಕರೆತರಲು ನಾನು ಮತ್ತೊಮ್ಮೆ ಹೊರಟಾಗ ಮಾಷ್ಟ್ರು ಕಾರಡ್ಕದ ನನ್ನ ಮನೆಗೇ ಬಂದರು. ಕೈಯಲ್ಲಿ ಬಾಯಿ ಕಟ್ಟದ ಪ್ಲಾಸ್ಟಿಕ್ ಚೀಲ.

"ಮಗ ಹೇಳಿದ. ಈ ಸಲ ಹೊಲಿಯಲಿಲ್ಲ. ನೋಡಿಕೋ."

"ಬೇಡ ಮಾಷ್ಟ್ರೇ…"

"ನೋಡು ಎಂದರೆ ನೋಡು."

ನೋಡಿದೆ. ಹಪ್ಪಳ, ಉಪ್ಪಿನಕಾಯಿ, ಒಂದು ಕಾಗದ. ಕಾಗದವನ್ನು ಮಡಚಿರಲೂ ಇಲ್ಲ. ನಾನು ಅದರ ಮೇಲಿನಿಂದ ಕಣ್ಣು ತೆಗೆದೆ. ಹಾಗೆಂದೇ ನೆನಪು.

"ಆಯಿತಾ? ಇನ್ನು ನಿನ್ನ ಬ್ಯಾಗ್ ತೆಗೆ."

ಅವರು ಕನ್ನಡಕ ಹಾಕಿಕೊಂಡು ಕುಳಿತರು. ಐವತ್ತು ಕಳೆದ ಉಪನ್ಯಾಸಕ ನೆಲದಲ್ಲಿ ಮಂಡಿಯೂರಿ ಬ್ಯಾಗಿನ ಜಿಪ್ಪು ಎಳೆದ. ಅಂಗಿ, ಪಂಚೆ, ಶೇವಿಂಗ್ ಸಾಮಾನು ಎಲ್ಲವನ್ನೂ ಮಾಷ್ಟ್ರು ಕೊಡೆಯ ತುದಿಯಿಂದ ಬದಿಗೆ ಸರಿಸುತ್ತಾ ಬಂದರು. ಬದಿಯ ಜೇಬಿನಲ್ಲಿ ಕೊಡೆ ನಿಂತಿತು.

"ಇದೆಂತ?"

"ನಿದ್ದೆಯ ಮಾತ್ರೆ. ನನ್ನದೇ."

"ಡಾಕ್ಟರ ಚೀಟಿ ಉಂಟಾ?"

ಇರಲಿಲ್ಲ.

"ಚೀಟಿ ಇಲ್ಲದಿದ್ದರೆ ಇದೂ ಅಲ್ಲಿ ಡ್ರಗ್ಸಿನ ಲೆಕ್ಕ, ಮಗ ಹೇಳಿದ್ದಾನೆ. ತಕ್ಕೊಂಡು ಬಾ. ಆಮೇಲೆ ಹೊರಡು."

ಬೈಕು ತೆಗೆದು ಮುಳ್ಳೇರಿಯದ ಡಾಕ್ಟರಲ್ಲಿಗೆ ಹೋದೆ. ವಾಪಸು ಬರುವಾಗ ಮಾಷ್ಟ್ರು ಇನ್ನೂ ಕುಳಿತಿದ್ದರು. ಅಂದು ನಾನು ಅವರ ಹಪ್ಪಳವನ್ನು ಹಿಡಿದ ಹಾಗೆಯೇ, ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು.